ಅದೇ ಡಿಸ್ಕ್, ಅದೇ ಆಪರೇಷನ್, ಬೇರೆ ಬೇರೆ ನೋವು

(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ಆಡಿದ ಮಾತುಗಳ ಬರಹರೂಪ)

ಹಿಂದಿನ ಸಾಲಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿರುವ ಮೂವರಿಗೆ ವಿಶೇಷ ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ಅವರಿಗೇ.

ಕಳೆದ ಸಭೆಯಲ್ಲಿ ಫಿಸಿಯೋಥೆರಪಿಯವರು ವ್ಯಾಯಾಮ ತೋರಿಸಿ ಹೋದ ಮೇಲೆ, ಚಹಾ ಕುಡಿಯುವಾಗ ಒಂದೇ ಪ್ರಶ್ನೆ ನಾಲ್ಕಾರು ಬಾಯಿಂದ ಬಂತು. "ಆಪರೇಷನ್ ಚೆನ್ನಾಗಿ ಆಯಿತು ಅನ್ನುತ್ತಾರೆ, ಸ್ಕ್ಯಾನ್ ಸರಿ ಇದೆ ಅನ್ನುತ್ತಾರೆ. ಆದರೂ ನೋವು ಯಾಕೆ ಹೋಗುವುದಿಲ್ಲ?" ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ನೀನು ಎಂಟೆಕ್‌ನಲ್ಲಿ ಜೀನ್ ಗೀನ್ ಅಂತ ಏನೋ ಮಾಡಿದ್ದೆಯಲ್ಲ, ನೀನೇ ಹೇಳು" ಎಂದುಬಿಟ್ಟರು. ನಾನು ಡಾಕ್ಟರಲ್ಲ. ಹಿಂಜವಡಿಯಲ್ಲಿ ಕೂತು ಕೋಡ್ ಬರೆಯುವವಳು. ಎಂಟೆಕ್ ಪ್ರಾಜೆಕ್ಟಿನಲ್ಲಿ ಜೀನ್‌ಗಳ ದತ್ತಾಂಶದ ಮೇಲೆ ಕೆಲಸ ಮಾಡಿದ್ದರಿಂದ ಆ ಪ್ರಬಂಧಗಳನ್ನು ಓದುವ ಅಭ್ಯಾಸ ಉಳಿದಿದೆ, ಅಷ್ಟೆ. ಹಾಗಾಗಿ ಚಿಕಿತ್ಸೆ ಹೇಳುವುದಿಲ್ಲ. ಓದಿದ್ದನ್ನು, ಅದರಲ್ಲಿ ಎಷ್ಟು ನಂಬಬಹುದು ಎಂಬುದನ್ನು ಹೇಳುತ್ತೇನೆ.

ಮೊದಲು ಆಪರೇಷನ್ ಏನು ಮಾಡುತ್ತದೆ ಎಂದು ನೋಡೋಣ. ಬೆನ್ನೆಲುಬಿನ ಎರಡು ಮಣಿಗಳ ನಡುವೆ ಒಂದು ಡಿಸ್ಕ್ ಇರುತ್ತದೆ. ಹೊರಗೆ ಗಟ್ಟಿ ಪದರಗಳ ಸುತ್ತು, ಒಳಗೆ ಮೆತ್ತಗಿನ ತಿರುಳು. ಹೊರಪದರ ಸೀಳಿ ತಿರುಳು ಆಚೆ ಬಂದರೆ ಪಕ್ಕದಲ್ಲೇ ಹಾದುಹೋಗುವ ನರದ ಬುಡವನ್ನು ಒತ್ತುತ್ತದೆ, ಕೆರಳಿಸುತ್ತದೆ. ಸೊಂಟದಿಂದ ಪೃಷ್ಠ, ತೊಡೆ, ಮೀನಖಂಡ ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ಇಳಿಯುವ ನೋವು ಇದೇ. ನಾವು ಸಯಾಟಿಕಾ ಎನ್ನುತ್ತೇವೆ. ಡಿಸೆಕ್ಟಮಿ ಎಂಬ ಆಪರೇಷನ್ನಿನಲ್ಲಿ ಆಚೆ ಬಂದ ತುಣುಕನ್ನು ತೆಗೆದು ನರದ ಮೇಲಿನ ಒತ್ತಡ ಇಳಿಸುತ್ತಾರೆ. ಒಂದು ಮಾತು ಗಮನಿಸಿ: ಇದು ಮುಖ್ಯವಾಗಿ ಕಾಲಿನ ನೋವಿಗೆ ಮಾಡುವ ಆಪರೇಷನ್. "ಬೆನ್ನುನೋವು ಹೋಗುತ್ತದೆ" ಎಂಬ ನಿರೀಕ್ಷೆಯಲ್ಲಿ ಹೋದವರಿಗೆ ಅರ್ಧ ನಿರಾಶೆ ಅಲ್ಲಿಂದಲೇ ಶುರುವಾಗುತ್ತದೆ.

ಹಾಗೆಂದು ಆಪರೇಷನ್ ಕೆಟ್ಟದ್ದು ಎಂದು ನಾನು ಹೇಳಿದೆ ಅಂತ ಯಾರೂ ಮನೆಗೆ ಹೋಗಿ ಹೇಳಬೇಡಿ. ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಬಾರದೆ ಚಪ್ಪಲಿ ಜಾರತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡಮಾಡುವಂತಿಲ್ಲ. ಉಳಿದವರಿಗೆ ಸಮಯ ಇರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 6ರಿಂದ 12 ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಔಷಧಿ ಮತ್ತು ಕಾಯುವಿಕೆ, ಬೇಕಾದರೆ ಮಾತ್ರ ಆಪರೇಷನ್. 2007ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಬೇಗ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಸುಮಾರು ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದೇವೆ ಎಂದರು. ಕಾಯ್ದ ಗುಂಪಿನಲ್ಲೂ ನೂರಕ್ಕೆ 39 ಮಂದಿ ಆಮೇಲೆ ಆಪರೇಷನ್ ಮಾಡಿಸಿಕೊಂಡಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು.

ಈಗ ಆ ಉಳಿದವರ ವಿಷಯ. ಚೇತರಿಸಿಕೊಳ್ಳದವರು.

ನಮ್ಮ ಅತ್ತೆಯವರಿಗೂ ಅವರ ತಂಗಿಗೂ ಒಂದೇ ಜಾಗದಲ್ಲಿ, ಎಲ್4-ಎಲ್5 ಡಿಸ್ಕ್‌ಗೆ ಆಪರೇಷನ್ ಆಯಿತು. ನಡುವೆ ಎರಡು ವರ್ಷದ ಅಂತರ. ತಂಗಿ ಆರು ವಾರಕ್ಕೆ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯತೊಡಗಿದರು. ಅತ್ತೆಯವರಿಗೆ ಎಂಟು ತಿಂಗಳಾದರೂ ಎಡಗಾಲಿನ ಉರಿ ಹೋಗಲಿಲ್ಲ. ರಾತ್ರಿ ಚಾದರದ ಅಂಚು ತಾಗಿದರೂ ಬೆಂಕಿ ಇಟ್ಟಂತೆ ಅನ್ನುತ್ತಿದ್ದರು. ಧಾರವಾಡದಲ್ಲಿ ಒಂದು ಮುಂಜಿವೆಗೆ ಹೋದಾಗ ಎಲ್ಲರೆದುರು ಒಬ್ಬರು ಕೇಳಿದರು, "ಅಲ್ರೀ ವೈನಿ, ತಂಗಿಗೂ ಅದ ಆಪರೇಷನ್ ಆಗೇದ, ಆಕಿ ಹೆಂಗ ಓಡಾಡ್ತಾಳ ನೋಡ್ರಿ. ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡಬೇಕ್ರೀ." ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಂದಿನಿಂದ ಅತ್ತೆಯವರು ನೋವಿನ ಮಾತು ಎತ್ತುವುದನ್ನೇ ಬಿಟ್ಟರು. ಡಾಕ್ಟರ ಮುಂದೆ ಕೂಡ "ಅಡ್ಡಿ ಇಲ್ಲ, ಆರಾಮ ಇದ್ದೀನಿ" ಎಂದು ಬರತೊಡಗಿದರು. ನೋವಿನ ಗುಳಿಗೆಗಳ ಖಾಲಿ ಪಟ್ಟಿಗಳು ಮಾತ್ರ ಕಪಾಟಿನಲ್ಲಿ ಸೀರೆಯ ಕೆಳಗೆ ಸಿಗುತ್ತಿದ್ದವು.

"ಮನಸ್ಸು ಗಟ್ಟಿ ಮಾಡಬೇಕು" ಎಂಬ ಆ ಒಂದು ಸಲಹೆಯ ಬಗ್ಗೆಯೇ ನಾನು ಇವತ್ತು ಮಾತಾಡುತ್ತಿರುವುದು. ವೈದ್ಯಕೀಯದಲ್ಲೂ ಈ ಧಾಟಿ ಇತ್ತು. ಆಪರೇಷನ್ ನಂತರವೂ ಉಳಿಯುವ ನೋವಿಗೆ ಬಹುಕಾಲ 'ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್' ಎಂಬ ಹೆಸರು. ಯಾರೋ ಫೇಲ್ ಆದಂತೆ! ಸರ್ಜನ್ನೋ ರೋಗಿಯೋ ಎಂದು ಹೆಸರು ಹೇಳುವುದಿಲ್ಲ, ಆದರೆ ಮನೆಯಲ್ಲಿ ಅದು ರೋಗಿಯ ತಲೆಗೇ ಬರುತ್ತದೆ. 2021ರಲ್ಲಿ ತಜ್ಞರು ಅದನ್ನು ಬಿಟ್ಟು 'ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್', ಅಂದರೆ ಉಳಿದುಕೊಂಡ ಬೆನ್ನೆಲುಬಿನ ನೋವು, ಎಂಬ ಹೆಸರು ಸೂಚಿಸಿದರು. ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಅದಕ್ಕೆ ತನ್ನದೇ ಜಾಗ ಇದೆ.

ಸ್ಕ್ಯಾನಿನಲ್ಲಿ ಕಾಣುವುದಕ್ಕೂ ನೋವಿಗೂ ನೇರ ಲೆಕ್ಕ ಇಲ್ಲ ಎಂಬುದು ಕೂಡ ಈಗ ಸ್ಪಷ್ಟ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ನೋಡಿದಾಗ, 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು. 80ರವರಲ್ಲಿ 96. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು.

ಹಾಗಾದರೆ ವ್ಯತ್ಯಾಸ ಎಲ್ಲಿಂದ? ಇಲ್ಲಿ ಅವಳಿಗಳು ನೆರವಿಗೆ ಬರುತ್ತಾರೆ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಸಾಮಾನ್ಯ ಅವಳಿಗಳಲ್ಲಿ, ಒಡಹುಟ್ಟಿದವರಲ್ಲಿ ಇದ್ದಂತೆ, ಸುಮಾರು ಅರ್ಧ. ಫಿನ್‌ಲ್ಯಾಂಡಿನಲ್ಲಿ 115 ಜೋಡಿ ತದ್ರೂಪಿ ಅವಳಿ ಗಂಡಸರ ಬೆನ್ನಿನ ಎಂಆರ್‌ಐ ಮಾಡಿ 1995ರಲ್ಲಿ ಪ್ರಕಟಿಸಿದರು. ಜೀವನವಿಡೀ ಭಾರ ಹೊತ್ತವನು ಒಬ್ಬ, ಕುರ್ಚಿಯಲ್ಲಿ ಕೂತವನು ಇನ್ನೊಬ್ಬ, ಹೀಗೆ ಕೆಲಸ ಬೇರೆ ಬೇರೆ ಇದ್ದರೂ ಡಿಸ್ಕ್‌ಗಳು ಒಬ್ಬರದ್ದು ಇನ್ನೊಬ್ಬರಂತೆಯೇ ಸವೆದಿದ್ದವು. ಭಾರದ ಪಾತ್ರ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. "ಕೊಡ ಹೊತ್ತು ಹೊತ್ತು ಬೆನ್ನು ಹೋಯಿತು" ಎನ್ನುವ ನಮ್ಮ ಅಜ್ಜಿಯರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ಕಥೆಯೂ ಅಲ್ಲ.

ಅದು ಸವೆತದ ಮಾತಾಯಿತು. ನೋವಿನ ಬಗ್ಗೆ ಬ್ರಿಟನ್ನಿನಲ್ಲಿ 1,064 ಅವಳಿ ಹೆಂಗಸರ ಅಧ್ಯಯನ 2004ರಲ್ಲಿ ಬಂತು. ನಮ್ಮ ವೇದಿಕೆಗೆ ಹೇಳಿ ಮಾಡಿಸಿದಂತೆ ಎಲ್ಲರೂ ಹೆಂಗಸರೇ. ಸೊಂಟನೋವಿನಲ್ಲಿ ವಂಶವಾಹಿಯ ಪಾಲು ನೂರಕ್ಕೆ 52ರಿಂದ 68 ಎಂದು ಲೆಕ್ಕ ಬಂತು. ಈ ಅಂಕಿಯನ್ನು ತಪ್ಪಾಗಿ ಓದುವುದು ಬಹಳ ಸುಲಭ. "ನನ್ನ ನೋವಿನಲ್ಲಿ 60 ಭಾಗ ಅಪ್ಪ ಅಮ್ಮನದು" ಎಂದು ಇದರ ಅರ್ಥ ಅಲ್ಲ. ಆ ಸಾವಿರ ಹೆಂಗಸರ ನಡುವೆ ಒಬ್ಬರಿಗೆ ನೋವು ಇದ್ದು ಇನ್ನೊಬ್ಬರಿಗೆ ಇಲ್ಲದಿರುವ ವ್ಯತ್ಯಾಸದಲ್ಲಿ ಜೀನ್‌ಗಳ ವ್ಯತ್ಯಾಸದ ಪಾಲು ಅಷ್ಟು, ಎಂದು ಮಾತ್ರ ಅರ್ಥ. ಅದು ಗುಂಪಿನ ಲೆಕ್ಕ, ಒಬ್ಬೊಬ್ಬರ ಲೆಕ್ಕವಲ್ಲ.

ಈಗ ಬೆನ್ನಿನ ಆಪರೇಷನ್‌ಗೇ ಸಂಬಂಧಿಸಿದ ಜೀನ್. ಹೆಸರು ಜಿಸಿಎಚ್1. ನರಕ್ಕೆ ಗಾಯವಾದಾಗ ಈ ಜೀನ್ ಚುರುಕಾಗುತ್ತದೆ, ನೋವಿನ ಸುದ್ದಿ ಒಯ್ಯುವ ನರಕೋಶಗಳಲ್ಲಿ ಬಿಎಚ್4 ಎಂಬ ವಸ್ತು ಹೆಚ್ಚುತ್ತದೆ. ಅದು ಹೆಚ್ಚಿದರೆ ನರ ಅತಿಸೂಕ್ಷ್ಮವಾಗುತ್ತದೆ. ಚಾದರ ತಾಗಿದರೂ ಉರಿ ಅನ್ನುವ ಸ್ಥಿತಿ ಇಂಥದ್ದೇ. 2006ರಲ್ಲಿ ಕ್ಲಿಫರ್ಡ್ ವೂಲ್ಫ್ ಅವರ ತಂಡ ಇದನ್ನು ಮೊದಲು ಇಲಿಗಳಲ್ಲಿ ಕಂಡು, ಆಮೇಲೆ ಡಿಸೆಕ್ಟಮಿ ಮಾಡಿಸಿಕೊಂಡ 168 ಜನರ ಜೀನ್ ನೋಡಿತು. ಈ ಜೀನಿನ ಒಂದು ರೂಪ ಇದ್ದವರಿಗೆ ಆಪರೇಷನ್ ನಂತರದ ಒಂದು ವರ್ಷದಲ್ಲಿ ಕಾಲಿನ ನೋವು ಕಡಿಮೆ. ಜನರಲ್ಲಿರುವ ಈ ಜೀನಿನ ನೂರು ಪ್ರತಿಗಳಲ್ಲಿ ಸುಮಾರು 15 ಆ ರೂಪದವು. ಅಂಥವರಲ್ಲಿ ಬಿಎಚ್4 ಅಗತ್ಯಕ್ಕಿಂತ ಮೇಲೆ ಏರುವುದಿಲ್ಲ. ಇದೇ ತಂಡದವರು 2010ರಲ್ಲಿ ಕೆಸಿಎನ್‌ಎಸ್1 ಎಂಬ ಇನ್ನೊಂದು ಜೀನಿನಲ್ಲಿ, ನೋವು ಹೆಚ್ಚಿಸುವ ಒಂದು ರೂಪವನ್ನು ಬೆನ್ನುನೋವಿನ ರೋಗಿಗಳಲ್ಲೂ ಬೇರೆ ನೋವಿನವರಲ್ಲೂ ತೋರಿಸಿದರು.

ಓದಿದಾಗ ಬಹಳ ಚೆನ್ನಾಗಿ ಅನಿಸುತ್ತದೆ. ಆದರೆ ದತ್ತಾಂಶದ ಕೆಲಸ ಮಾಡುವವಳಾಗಿ ನನಗೆ ತಕ್ಷಣ ಕಣ್ಣಿಗೆ ಬೀಳುವುದು ಆ 168. ಅಷ್ಟೂ ಜನ ಬಿಳಿಯರು. ಆಮೇಲೆ ಬೇರೆ ಬಗೆಯ ನೋವುಗಳಲ್ಲಿ ಜಿಸಿಎಚ್1 ಹುಡುಕಿದ ಎಲ್ಲರಿಗೂ ಅದೇ ಉತ್ತರ ಸಿಗಲಿಲ್ಲ. ಸಿಒಎಂಟಿ ಎಂಬ ಇನ್ನೊಂದು ಜೀನಿನ ಕಥೆಯೂ ಹಾಗೇ. ಅಡ್ರಿನಲಿನ್, ಡೋಪಮಿನ್ ಮುಂತಾದವನ್ನು ಒಡೆಯುವ ಕಿಣ್ವದ ಜೀನ್ ಅದು. ಒಂದು ರೂಪ ಇದ್ದವರಿಗೆ ನೋವು ಹೆಚ್ಚು ಎಂದು 2003ರಲ್ಲಿ ಬಹಳ ಸುದ್ದಿಯಾಯಿತು, ಆಮೇಲಿನ ಅಧ್ಯಯನಗಳು ಒಂದು ಹೌದು ಎಂದರೆ ಇನ್ನೊಂದು ಇಲ್ಲ ಎಂದವು. ಕಡಿಮೆ ಜನರಲ್ಲಿ ಹೆಚ್ಚು ಜೀನ್ ಹುಡುಕಿದರೆ ಅದೃಷ್ಟಕ್ಕೆ ಒಂದೆರಡು ಹೊಂದಿಕೊಳ್ಳುತ್ತವೆ. ಅದಕ್ಕೇ ಈಗ ಲಕ್ಷಗಟ್ಟಲೆ ಜನರನ್ನು ನೋಡುತ್ತಾರೆ. 2018ರ ಅಂಥ ಒಂದು ದೊಡ್ಡ ಅಧ್ಯಯನದಲ್ಲಿ ಬೆನ್ನುನೋವಿಗೆ ಎದ್ದು ಕಂಡವು ಎಸ್‌ಒಎಕ್ಸ್5, ಡಿಸಿಸಿಯಂಥ ಕೆಲವು ಜಾಗಗಳು. ಮೊದಲನೆಯದು ಮೃದು ಎಲುಬು ಬೆಳೆಯುವುದಕ್ಕೆ ಸಂಬಂಧಿಸಿದ್ದು, ಎರಡನೆಯದು ನರಗಳು ದಾರಿ ಹಿಡಿದು ಬೆಳೆಯುವುದಕ್ಕೆ. ಒಂದೊಂದರ ಪರಿಣಾಮವೂ ಚಿಟಿಕೆಯಷ್ಟು. ಅಂದರೆ 'ಬೆನ್ನುನೋವಿನ ಜೀನ್' ಎಂಬುದೊಂದು ಇಲ್ಲ. ನೂರಾರು ಚಿಟಿಕೆ ಸೇರಿ ಒಬ್ಬೊಬ್ಬರ ಹದ ಬೇರೆ ಆಗುತ್ತದೆ.

ಒಂದೇ ಜೀನ್ ಪೂರ್ತಿ ಆಟ ಆಡಿಸುವ ಉದಾಹರಣೆ ಬೇಕಾದರೆ ಬಹಳ ಅಪರೂಪದ್ದಿದೆ. ಪಾಕಿಸ್ತಾನದ ಉತ್ತರ ಭಾಗದ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಆಟ ತೋರಿಸುತ್ತಿದ್ದ. ನೋವೇ ಆಗುತ್ತಿರಲಿಲ್ಲ. ಸಂಶೋಧಕರು ಅವನನ್ನು ಕಾಣುವ ಮೊದಲೇ, ಗೆಳೆಯರ ಜೊತೆ ಆಡುತ್ತಾ ಮಾಳಿಗೆಯಿಂದ ಹಾರಿ ತೀರಿಕೊಂಡ. ಆ ಭಾಗದ ಮೂರು ಕುಟುಂಬಗಳ ಇಂಥದ್ದೇ ಆರು ಮಕ್ಕಳಲ್ಲಿ ಎಸ್‌ಸಿಎನ್9ಎ ಎಂಬ ಜೀನ್ ಕೆಟ್ಟಿದೆ ಎಂದು 2006ರಲ್ಲಿ ಗೊತ್ತಾಯಿತು. ನೋವಿನ ನರದಲ್ಲಿ ಸೋಡಿಯಂ ಒಳಬರುವ ಬಾಗಿಲನ್ನು ಕಟ್ಟುವ ಜೀನ್ ಅದು. ಆ ಜಾತಿಯ ಬಾಗಿಲುಗಳನ್ನು ಮುಚ್ಚುವ ಔಷಧಿ ಹುಡುಕುತ್ತಾ ಹೋದವರಿಗೆ, ಅದರ ಅಕ್ಕಪಕ್ಕದ ಇನ್ನೊಂದು ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಸಿಕ್ಕಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು, ಸದ್ಯ ತಾತ್ಕಾಲಿಕ ತೀವ್ರ ನೋವಿಗೆ ಮಾತ್ರ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಚ್ಚಿನದು ನಾಳೆ ನಿಮ್ಮ ಕೈಗೆ ಬರುವಂಥದ್ದಲ್ಲ. ಈಗ ಹೇಳುವುದು ಇವತ್ತೇ ಬೇಕಾದದ್ದು. ದಯವಿಟ್ಟು ಇದೊಂದನ್ನು ನೆನಪಿಡಿ.

ಆಪರೇಷನ್ ಆದ ಮೇಲೆ ಚೀಟಿಯಲ್ಲಿ ಟ್ರಮಡಾಲ್ ಎಂಬ ಗುಳಿಗೆ ಇರುವುದು ಸಾಮಾನ್ಯ. ಕೊಡೀನ್ ಕೂಡ ಅದೇ ಜಾತಿ. ಇವು ನುಂಗಿದ ಕೂಡಲೇ ಪೂರ್ತಿ ಕೆಲಸ ಮಾಡುವ ಔಷಧಿಗಳಲ್ಲ. ಯಕೃತ್ತಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವ ಇವನ್ನು ಬದಲಾಯಿಸಿದ ಮೇಲೆಯೇ ನಿಜವಾದ ಬಲ ಬರುತ್ತದೆ. ಕೊಡೀನ್ ಆಗ ಮಾರ್ಫಿನ್ ಆಗುತ್ತದೆ. ಈ ಕಿಣ್ವದ ಜೀನ್ ಮನುಷ್ಯರಿಂದ ಮನುಷ್ಯರಿಗೆ ಬಹಳ ಬದಲಾಗುತ್ತದೆ. ಕೆಲವರಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಅವರು ಗುಳಿಗೆ ನುಂಗಿ ವಾಕರಿಕೆ, ತಲೆಸುತ್ತು ಪಡೆಯುತ್ತಾರೆ, ನೋವು ಹಾಗೇ ಇರುತ್ತದೆ. ಕೆಲವರಲ್ಲಿ ಜೀನಿನ ಹೆಚ್ಚುವರಿ ಪ್ರತಿಗಳಿದ್ದು ಮಾಮೂಲಿ ಪ್ರಮಾಣವೇ ವಿಪರೀತವಾಗಿ ಉಸಿರಾಟ ನಿಧಾನವಾಗುವ ಅಪಾಯ ಇದೆ. ಮಕ್ಕಳ ಸಾವುಗಳಾದ ಮೇಲೆ ಅಮೆರಿಕದ ಔಷಧ ಇಲಾಖೆ 2017ರಲ್ಲಿ 12 ವರ್ಷದೊಳಗಿನವರಿಗೆ ಇವೆರಡನ್ನೂ ಕೊಡಕೂಡದು ಎಂದಿತು. ಹಾಲುಣಿಸುವ ತಾಯಂದಿರು ತೆಗೆದುಕೊಳ್ಳಬಾರದು ಎಂದೂ ಎಚ್ಚರಿಸಿತು. ಹೆರಿಗೆಯ ನಂತರ ಬೆನ್ನುನೋವು ಎಂದು ಮನೆಯ ಡಬ್ಬಿಯಲ್ಲಿ ಉಳಿದ ಗುಳಿಗೆ ಕೊಡುವ ನಮ್ಮ ಪ್ರೀತಿ ಇಲ್ಲಿ ಬೇಡ. ಅತ್ತೆಗೆ ಹತ್ತಿದ ಗುಳಿಗೆ ಸೊಸೆಗೆ ಹತ್ತಬೇಕೆಂದಿಲ್ಲ, ಹಾನಿಯೂ ಆಗಬಹುದು.

ಇನ್ನೊಂದು ತೊಡಕು. ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್‌ನಂಥ ಖಿನ್ನತೆಯ ಗುಳಿಗೆಗಳು ಇದೇ ಕಿಣ್ವವನ್ನು ತಡೆಯುತ್ತವೆ. ಮನಸ್ಸಿನ ಔಷಧಿ ತೆಗೆದುಕೊಳ್ಳುವುದನ್ನು ನಾವು ಹೆಂಗಸರು ಮೂಳೆ ಡಾಕ್ಟರಿಗೆ ಹೇಳಲು ಮುಜುಗರಪಡುತ್ತೇವೆ. ಹೇಳಲೇಬೇಕು. ಟ್ರಮಡಾಲ್ ಜೊತೆ ಅವು ಬೇರೆ ತೊಂದರೆಯನ್ನೂ ತರಬಲ್ಲವು.

ನಮ್ಮ ಅತ್ತೆಯವರಿಗೆ ಆ ಗುಳಿಗೆ ಹತ್ತುತ್ತಿರಲಿಲ್ಲ. ಕಪಾಟಿನ ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ನಾನು ಜೊತೆಗೆ ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. ಎಣಿಸಿದರು, ನರದ ನೋವಿಗೆ ಕೊಡುವ ಬೇರೆ ಔಷಧಿಗೆ ಬದಲಿಸಿದರು, ನೋವು ಚಿಕಿತ್ಸೆಯ ತಜ್ಞರ ಬಳಿ ಕಳಿಸಿದರು. ಉರಿ ಪೂರ್ತಿ ಹೋಗಿಲ್ಲ, ನಿದ್ದೆ ಬರುತ್ತಿದೆ. ಅವರ ಕಿಣ್ವವನ್ನು ಯಾರೂ ಪರೀಕ್ಷಿಸಿಲ್ಲ, ಹಾಗಾಗಿ ಅದೇ ಕಾರಣ ಎಂದು ನಾನು ಹೇಳಲಾರೆ. ತಂಗಿಯ ಜೊತೆಗಿನ ಹೋಲಿಕೆಯ ಬಗ್ಗೆ ಮಾತ್ರ ಹೇಳಬಲ್ಲೆ. ಒಡಹುಟ್ಟಿದವರು ಹಂಚಿಕೊಳ್ಳುವುದು ಸುಮಾರು ಅರ್ಧ. ಇನ್ನರ್ಧದಲ್ಲಿ ನೋವಿನ ಬಾಗಿಲು, ಔಷಧಿಯ ಕಿಣ್ವ, ಗಾಯದ ಉರಿಯೂತ ಎಲ್ಲವೂ ಬೇರೆ ಆಗಲು ಸಾಕಷ್ಟು ಜಾಗ ಇದೆ.

"ಹಾಗಾದರೆ ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸೋಣವೇ?" ಎಂದು ನೀವು ಕೇಳುತ್ತೀರಿ. ಆಪರೇಷನ್ ಬೇಕೋ ಬೇಡವೋ, ನೋವು ಉಳಿಯುತ್ತದೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಇವತ್ತಿಗೆ ಇಲ್ಲ. ಹೇಳುತ್ತೇವೆ ಎಂದು ಯಾರಾದರೂ ಪ್ಯಾಕೇಜ್ ಮಾರಿದರೆ ದುಡ್ಡು ಉಳಿಸಿಕೊಳ್ಳಿ. ಔಷಧಿಯ ಕಿಣ್ವದ ಪರೀಕ್ಷೆ ಬೇರೆ ಮಾತು. ಅದಕ್ಕೆ ಅರ್ಥವಿದೆ, ಡಾಕ್ಟರ್ ಹೇಳಿದರೆ ಮಾಡಿಸಬಹುದು. ಒಂದು ಗುಳಿಗೆ ಹತ್ತದಿದ್ದರೆ ನೇರವಾಗಿ ಹೇಳುವುದು ಇನ್ನೂ ಅಗ್ಗ.

ನಮ್ಮವರ ದತ್ತಾಂಶ ಕಡಿಮೆ ಎಂಬುದು ನನಗೆ ನಿಜವಾಗಿ ಕಾಡುವ ವಿಷಯ. ಬಿಳಿಯರಲ್ಲಿ ಕಂಡ ರೂಪ ನಮ್ಮಲ್ಲಿ ಅಷ್ಟೇ ಇರಬೇಕೆಂದಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಅವರ ತಂಡ ಭಾರತೀಯರ ಡಿಸ್ಕ್ ಸವೆತದ ಜೀನ್‌ಗಳನ್ನು ಹುಡುಕಿದೆ. ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಅದು ನೋವಿನ ಅಧ್ಯಯನವಲ್ಲ. ಆದರೆ ಮುಂದೆ ಯಾರಾದರೂ ನಮ್ಮ ನೋವನ್ನು ಅಳೆಯಲು ಹೊರಟರೆ ಹೋಲಿಸಲು ಒಂದು ಅಡಿಪಾಯ ಬೇಕಲ್ಲ, ಅದು ಬಂದಿದೆ.

ಜೀನ್ ಎಂದರೆ ಹಣೆಬರಹ ಅಲ್ಲವೇ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಅಲ್ಲ. ತಂಬಾಕು, ಆಪರೇಷನ್‌ಗೆ ಮೊದಲು ಎಷ್ಟು ತಿಂಗಳು ನೋವಿತ್ತು ಎಂಬುದು, ನಿದ್ದೆ, ಚಿಕಿತ್ಸೆ ಸಿಗದ ಖಿನ್ನತೆ, ಅಲುಗಾಡಿದರೆ ಮತ್ತೆ ಹೋಗುತ್ತದೆ ಎಂಬ ಭಯ, ಇವೆಲ್ಲ ಚೇತರಿಕೆಯನ್ನು ಬದಲಿಸುತ್ತವೆ, ಇವನ್ನು ನಾವೂ ಬದಲಿಸಬಹುದು. ಆಪರೇಷನ್‌ಗೆ ಮೊದಲು ಸರ್ಜನ್ನರನ್ನು ಕೇಳಿ: ಇದು ನನ್ನ ಕಾಲಿನ ನೋವಿಗೋ ಬೆನ್ನಿನ ನೋವಿಗೋ? ಕಾಯ್ದರೆ ಏನಾಗುತ್ತದೆ? ಮೂರು ತಿಂಗಳ ಮೇಲೂ ನೋವಿದ್ದರೆ ಯಾರ ಬಳಿ ಕಳಿಸುತ್ತೀರಿ? ಹಿಂದೆ ಯಾವ ಗುಳಿಗೆ ಹತ್ತಲಿಲ್ಲ, ಯಾವುದರಿಂದ ಸುಸ್ತಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಮ್ಮನಿಗೆ, ಅಕ್ಕ ತಂಗಿಯರಿಗೆ ಹಾಗೆ ಆಗಿದ್ದರೆ ಅದನ್ನೂ ಸೇರಿಸಿ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. "ನನಗೆ ಆಗಿದೆ, ಮಗಳಿಗೂ ಬರುತ್ತದಾ? ಗಂಡು ನೋಡುವಾಗ ಹೇಳಬೇಕಾ?" ಮಗಳಿಗೆ ನಿಮ್ಮಿಂದ ಬರುವುದು ಅರ್ಧ, ಅದರಲ್ಲೂ ಯಾವ ಅರ್ಧ ಎಂದು ಗೊತ್ತಿಲ್ಲ. ಡಿಸ್ಕ್ ಜಾರಿದವರ ಮಕ್ಕಳಿಗೆ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಖಚಿತವಲ್ಲ. ಗಂಡಿನ ಮನೆಯವರಿಗೆ ಹೇಳುವ ಅಗತ್ಯ ಕಾಣುವುದಿಲ್ಲ. ಮಗಳಿಗೆ ಮಾತ್ರ ಹೇಳಿ. ನಾಳೆ ಅವಳು ಕಾಲು ಉರಿಯುತ್ತದೆ ಎಂದು ಡಾಕ್ಟರ ಮುಂದೆ ಕೂತಾಗ, "ನಮ್ಮಮ್ಮನಿಗೂ ಹೀಗಾಗಿತ್ತು, ಇಂಥ ಗುಳಿಗೆ ಅವರಿಗೆ ಹತ್ತಿರಲಿಲ್ಲ" ಎಂದು ಹೇಳಲು ಅವಳ ಬಳಿ ಏನಾದರೂ ಇರಬೇಕು.